ಶಂಭುಲಿಂಗ ವೋಲ್ಟೇಜ್ ಇಳಿಸಿದ್ದು

ತೋಟಪ್ಪನ ವೇಬ್ರಿಡ್ಜಿನ ಕಂಪ್ಯೂಟರು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸಾಯುತ್ತಿತ್ತು, ಮೂರಕ್ಕೆ ಮತ್ತೆ ಹುಟ್ಟುತ್ತಿತ್ತು. ಊಟದ ಹೊತ್ತಿನ ಮೇಲೆ ಅಷ್ಟು ನಿಷ್ಠೆ ಸರ್ಕಾರಿ ಗುಮಾಸ್ತನಿಗೂ ಇರಲಿಕ್ಕಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಏಪ್ರಿಲ್ ತಿಂಗಳು. ಸಂಡೂರಿನ ಗುಡ್ಡಗಳಿಂದ ಹೊಸಪೇಟೆ ಕಡೆಗೆ ಅದಿರಿನ ಲಾರಿಗಳು ಒಂದರ ಬಾಲ ಇನ್ನೊಂದು ಮೂಸುತ್ತ ಇಳಿಯುತ್ತಿದ್ದ ಕಾಲ. ರಸ್ತೆಬದಿಯ ಬೇವಿನ ಮರ ಕೆಂಪು, ಮರದ ಕೆಳಗಿನ ಎಮ್ಮೆ ಕೆಂಪು, ಎಮ್ಮೆಯ ಮೇಲೆ ಕೂತ ಕಾಗೆಯೂ ಕೆಂಪು. ಆ ರಸ್ತೆಯಲ್ಲೇ ತೋಟಪ್ಪನ ವೇಬ್ರಿಡ್ಜು. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲಬೇಕು, ತೂಕ ಕಂಪ್ಯೂಟರಿಗೆ ಬರಬೇಕು, ಕಂಪ್ಯೂಟರು ಚೀಟಿ ಒದರಬೇಕು, ಆ ಚೀಟಿ ಹಿಡಿದು ಲಾರಿ ಮುಂದಕ್ಕೆ ಹೋಗಬೇಕು. ಹನ್ನೆರಡಾದರೆ ಮಾತ್ರ ತಗಡಿನ ಮಾಡು ರೊಟ್ಟಿ ಹಂಚಿನಂತೆ ಕಾದು, ಕಂಪ್ಯೂಟರಿನ ಒಳಗೆ ತೊಂಬತ್ತು ಡಿಗ್ರಿ ದಾಟಿ, ಪರದೆ ಕಪ್ಪಾಗುತ್ತಿತ್ತು. ಆಗ ಮೂಲೆಯಲ್ಲಿ ಕೂತ ಹಳೇ ಗುಮಾಸ್ತ ಹನುಮಣ್ಣ ಮೂಗಿನ ಮೇಲೆ ಕನ್ನಡಕ ಏರಿಸಿ, ಚೀಟಿ ಪುಸ್ತಕ ತೆಗೆದು, ಮೂರರ ತನಕ ಮುತ್ತಿನಂಥ ಅಕ್ಷರದಲ್ಲಿ ಕೈಯಿಂದಲೇ ಚೀಟಿ ಬರೆಯುತ್ತಿದ್ದ.

ಹನ್ನೆರಡೂ ಐದಕ್ಕೆ ತೋಟಪ್ಪ ಬಂದು ಬಾಗಿಲಲ್ಲಿ ನಿಂತು, ಡ್ರೈವರು, ಕ್ಲೀನರು, ಎಮ್ಮೆ, ಕಾಗೆ ಎಲ್ಲರಿಗೂ ಕೇಳುವಂತೆ ಶಂಭುಲಿಂಗನಿಗೆ ಬಯ್ಯುತ್ತಿದ್ದ.

"ಕಂಪ್ಯೂಟರ್ ಕಲ್ತಾನಂತ ಕರಕೊಂಡು ಬಂದೆ. ಇವನ ಕೈಯಾಗ ಒಂದು ಮಧ್ಯಾಹ್ನ ನಡೀಲಿಲ್ಲ ಇದು. ಮಂದಿ ಏನನ್ನಬೇಕು ನನಗ?"

ಶಂಭುಲಿಂಗ ಕಂಪ್ಲಿಯ ಹುಡುಗ. ಹೊಸಪೇಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಇಲ್ಲಿಗೆ ಸೇರಿ ಮೂರು ವಾರವಾಗಿತ್ತು. ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ. ಕೆಂಪು ಧೂಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆದ, ಪ್ರೊಸೆಸರಿನ ಮೇಲೆ ಶಾಖ ಎಳೆಯುವ ಹೊಸ ಪೇಸ್ಟ್ ಬಳಿದ, ಡಬ್ಬಿಯ ಪಕ್ಕದ ಮುಚ್ಚಳ ಕಿತ್ತು ಟೇಬಲ್ ಫ್ಯಾನ್ ಇಟ್ಟ. ಫ್ಯಾನು ಕುಲುಮೆಯ ತಿದಿಯಂತೆ ಬಿಸಿಗಾಳಿ ಊದಿತು. ಕಂಪ್ಯೂಟರು ಹನ್ನೆರಡಕ್ಕೇ ಸತ್ತಿತು.

ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಆ ದಿನ ಬೆಳಿಗ್ಗೆ ಆರಕ್ಕೆ ಅವನ ತಾಯಿ ಜಂಬವ್ವ ಕಂಪ್ಲಿಯಿಂದ ಫೋನು ಮಾಡಿದಳು.

"ಶಿಲ್ಪಶ್ರೀ ಅವ್ರ ಸೋದರಮಾವ ಗುಡ್ಡಪ್ಪ ಇವತ್ತ ನಿನ್ನ ನೋಡಾಕ ಬರ್ತಾರಂತ. ಹುಡುಗ ಖರೇನ ಕಂಪ್ಯೂಟರ್ ಮುಂದ ಕುಂದ್ರತಾನೋ, ಲಾರಿ ಕೆಳಗ ಕುಂದ್ರತಾನೋ, ಕಣ್ಣಾರ ನೋಡಿ ಹೂಂ ಅಂತಾರಂತ. ಅವ್ರು ಹೂಂ ಅಂದ್ರ ಹುಡುಗಿ ನಮ್ಮದು."

"ಎಷ್ಟೊತ್ತಿಗಬೇ?"

"ಮರಿಯಮ್ಮನಹಳ್ಳಿ ಬಸ್ಸಿಗೆ. ಹನ್ನೆರಡರ ಸುಮಾರು."

ಶಂಭುಲಿಂಗ ಫೋನಿಟ್ಟು ಕಂಪ್ಯೂಟರಿನ ಕಡೆ ನೋಡಿದ. ಶಿಲ್ಪಶ್ರೀಯನ್ನು ಅವನು ಒಂದೇ ಸಲ ನೋಡಿದ್ದ. ಉಪ್ಪಿಟ್ಟು ಕೊಡುವಾಗ ಅವಳು, "ಇಂಟರ್‌ನೆಟ್ ಐತೇನ್ರಿ ಅಲ್ಲಿ?" ಎಂದು ಕೇಳಿದ್ದಳು. ಅಂದಿನಿಂದ ಅವನಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಈಗ ಅವಳ ಮಾವ ಬರುವ ಹೊತ್ತಿಗೆ ಪರದೆ ಕಪ್ಪು, ಕೈಯಲ್ಲಿ ಪೆನ್ನು ಹಿಡಿದ ಹನುಮಣ್ಣ, ಬಾಗಿಲಲ್ಲಿ ಬಯ್ಯುವ ತೋಟಪ್ಪ. ಇದನ್ನು ನೋಡಿ ಯಾವ ಮಾವ ಹೂಂ ಅಂದಾನು?

ಅದೃಷ್ಟಕ್ಕೆ ತೋಟಪ್ಪ ಅಂದು ಹಂಪಿಗೆ ಹೊರಟಿದ್ದ, ವಿರೂಪಾಕ್ಷ ಗುಡಿಯಲ್ಲಿ ಸಂಬಂಧಿಕರ ಮದುವೆಗೆ. ಜೀಪು ಹತ್ತುತ್ತ, "ಹನುಮಣ್ಣ, ಎಲ್ಲಾ ದಿನದಂಗ ನಡೀಬೇಕು, ನೋಡ್ಕೋ," ಎಂದಷ್ಟೇ ಹೇಳಿ ಹೋದ. ಉಳಿದದ್ದು ಕಂಪ್ಯೂಟರಿನ ಸಾವು ಒಂದೇ. ಅದಕ್ಕೂ ಶಂಭುಲಿಂಗನ ಹತ್ತಿರ ಒಂದು ಕೊನೆಯ ಮದ್ದಿತ್ತು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಹೇಳಿಕೊಟ್ಟದ್ದು, ಇವತ್ತಿನವರೆಗೆ ಧೈರ್ಯ ಬಂದಿರಲಿಲ್ಲ.

ಲಾರಿಗಳು ಗುಡ್ಡದಿಂದ ಇಳಿಯುವುದು ಎಂಟರ ಮೇಲೆ. ಆರೂವರೆಗೇ ಅವನು ಕಂಪ್ಯೂಟರ್ ಹಚ್ಚಿ, ಡಿಲೀಟ್ ಗುಂಡಿ ಒತ್ತಿ, ಯಂತ್ರದ ಒಳಸೆಟ್ಟಿಂಗು ತಿದ್ದುವ ನೀಲಿ ಪರದೆಯ ಒಳಗೆ ಇಳಿದ. ಪಕ್ಕದ ಶೆಡ್ಡಿನ ಗಾದಿಲಿಂಗ ಚಹಾದ ಲೋಟ ಹಿಡಿದು ಬಂದ. ಗಾದಿಲಿಂಗನದು ಪಂಪ್‌ಸೆಟ್ ರಿಪೇರಿ. ಹತ್ತೂರಿನ ಸುಟ್ಟ ಮೋಟಾರುಗಳು ಅವನ ಕೈಯಲ್ಲಿ ಹೊಸ ತಂತಿ ಸುತ್ತಿಸಿಕೊಂಡು ಮರುಜನ್ಮ ಪಡೆಯುತ್ತಿದ್ದವು.

"ಏನ್ ಮಾಡಾಕತ್ತೀ ಮುಂಜಮುಂಜಾನೆ?"

"ಪ್ರೊಸೆಸರ್‌ಗೆ ಹೋಗೋ ವೋಲ್ಟೇಜ್ ಒಂಚೂರು ಇಳಸ್ತೀನಿ. ಬಿಸಿ ಕಮ್ಮಿ ಆಗ್ತೈತಿ."

ಗಾದಿಲಿಂಗ ಸಾವಿನ ಸುದ್ದಿ ಕೇಳಿದವನಂತೆ ಲೋಟ ಕೆಳಗಿಟ್ಟ.

"ಇಳಸ್ತೀ?"

"ಇಳಸ್ತೀನಿ."

"ಲೇ, ತಲಿ ನೆಟ್ಟಗೈತೇನು? ವೋಲ್ಟೇಜ್ ಇಳಿದ್ರ ಮೋಟಾರ್ ಸುಡ್ತೈತಿ. ಬಾ ನನ್ನ ಶೆಡ್ಡಿಗೆ, ಹನ್ನೊಂದು ಹೆಣ ಬಿದ್ದಾವ. ಒಂದೊಂದನ್ನೂ ಕೇಳು, ಯಾತಕ್ಕ ಸತ್ತಿ ಅಂತ. ಎಲ್ಲಾ ಲೋ ವೋಲ್ಟೇಜ್ ಅಂತಾವ."

ಅವನ ಮಾತಲ್ಲಿ ಸುಳ್ಳಿರಲಿಲ್ಲ. ಈ ಸೀಮೆಯಲ್ಲಿ ದೇವರೇ ಇಲ್ಲ ಎಂದರೂ ಜನ ಕೂತು ವಾದ ಮಾಡುತ್ತಾರೆ. ವೋಲ್ಟೇಜ್ ಇಳಿದರೆ ಒಳ್ಳೆಯದು ಎಂದರೆ ಮಾತ್ರ ಎದ್ದು ಹೋಗುತ್ತಾರೆ.

"ಮೋಟಾರಿನ ಮಾತು ಬ್ಯಾರೆ ಕಾಕಾ. ಬೀಗರ ಊಟದಾಗ ಬಡಿಸೋವ್ರು ಎಲ್ಲಾರ ಎಲಿಗೂ ಆರಾರು ಹೋಳಿಗಿ ಹಾಕ್ತಾರಲ್ಲ? ಯಾರಿಗೆಷ್ಟು ಹಸಿವೋ ಗೊತ್ತಿಲ್ಲ, ಯಾರೂ ಕಮ್ಮಿ ಆತು ಅನಬಾರ್ದು ಅಂತ. ಕಂಪನಿಯೋರೂ ಹಂಗ. ಎಲ್ಲಾ ಪ್ರೊಸೆಸರ್‌ಗೂ ಒಂದಿಷ್ಟು ಹೆಚ್ಚಿಗಿ ಇಟ್ಟು ಕಳಸ್ತಾರ. ನಮ್ಮದಕ್ಕ ನಾಕ ಸಾಕಿರಬೋದು. ಉಳಿದ ಎರಡು ಹೊಟ್ಟಿಯಾಗ ಕುಂತು ಉರಿ ಹಚ್ಚತಾವ."

"ನಾಕ ಸಾಕು ಅಂತ ಅದು ನಿನ್ನ ಕಿವಿಯಾಗ ಹೇಳಿತೇನು?"

"ಅದಕ್ಕ ಒಂದೊಂದ ಹೋಳಿಗಿ ತಗದು ನೋಡೋದು. ತಗದ ಮ್ಯಾಲೆ ಕೆಲಸ ಹಚ್ಚೋದು. ತಡಕೊಂಡ್ರ ಇನ್ನೊಂದು ತಗಿಯೋದು. ತೊದಲಿದ್ರ ಹೊಳ್ಳಿ ಹಾಕೋದು."

ಮೂಲೆಯಿಂದ ಹನುಮಣ್ಣ ನಿಧಾನಕ್ಕೆ ಕೆಮ್ಮಿದ.

"ಶಂಭು, ಯಂತ್ರಕ್ಕೂ ನಿದ್ದಿ ಬೇಕಾಗ್ತೈತಪ್ಪ. ದಿನಾ ಮೂರು ತಾಸು ಮಲಗ್ತೈತಿ, ಮಲಗ್ಲಿ ಬಿಡು. ನಿನಗ್ಯಾಕ ಇಲ್ಲದ ಉಸಾಬರಿ?"

ಮುದುಕನಿಗೆ ತನ್ನ ಮೂರು ತಾಸಿನ ಬರವಣಿಗೆ ಹೋಗುತ್ತದೆಂದು ಹೊಟ್ಟೆಕಿಚ್ಚು, ಎಂದುಕೊಂಡ ಶಂಭುಲಿಂಗ.

ಒಂದು ಪಾಯಿಂಟ್ ನಾಲ್ಕು ವೋಲ್ಟ್ ಇದ್ದದ್ದನ್ನು ಒಂದೇ ಮೆಟ್ಟಿಲು ಇಳಿಸಿದ. ಮೇಷ್ಟ್ರ ಸೀಡಿಯಲ್ಲಿದ್ದ, ಲೆಕ್ಕದ ಮೇಲೆ ಲೆಕ್ಕ ಹೇರಿ ಪ್ರೊಸೆಸರನ್ನು ಸುಸ್ತುಮಾಡುವ ಪ್ರೋಗ್ರಾಮು ಹಚ್ಚಿ ಅರ್ಧ ಗಂಟೆ ಕಾದ. ಕಂಪ್ಯೂಟರು ತೊದಲಲಿಲ್ಲ, ಉಷ್ಣ ನಾಲ್ಕು ಡಿಗ್ರಿ ಇಳಿಯಿತು. ಇನ್ನೊಂದು ಮೆಟ್ಟಿಲು, ಇನ್ನರ್ಧ ಗಂಟೆ. ಮತ್ತೂ ಇಳಿಯಿತು. ಮೂರನೆಯದಕ್ಕೂ ಜಗ್ಗಲಿಲ್ಲ. ಅಷ್ಟು ಹೊತ್ತಿಗೆ ಆರು ಜನ ಡ್ರೈವರುಗಳು ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ಅವರಲ್ಲಿ ಜಂಬಪ್ಪ ಎಂಬವನದು ಮೊದಲ ಲಾರಿ, ಅವನಿಗೆ ಅವಸರ.

"ಒಂದೊಂದ ಮೆಟ್ಲು ಯಾಕೋ ಮಾರಾಯಾ, ಅಜ್ಜಿ ಹಂಪಿ ಗುಡ್ಡ ಇಳದಂಗ. ಒಮ್ಮೆ ಜಿಗಿ. ಜಲ್ದಿ ಮುಗಸು."

ಸುರಕ್ಷಿತವಾಗಿ ಮಾಡುವ ಕೆಲಸವನ್ನು ಆರು ಜನರ ಎದುರು ಮಾಡಬಾರದು. ಶಂಭುಲಿಂಗನಿಗೂ ಸ್ವಲ್ಪ ತಲೆ ತಿರುಗಿತ್ತು. ಜಿಗಿದ. ಐದು ಮೆಟ್ಟಿಲು ಒಟ್ಟಿಗೆ.

ಪರದೆ ಕಪ್ಪಾಯಿತು. ಬೀಪ್ ಇಲ್ಲ, ಅಕ್ಷರ ಇಲ್ಲ. ಒಳಗಿನ ಫ್ಯಾನೊಂದು ಬಿಟ್ಟರೆ ಎಲ್ಲವೂ ನಿಶ್ಶಬ್ದ.

"ಹನ್ನೆರಡು," ಎಂದ ಗಾದಿಲಿಂಗ, ತನ್ನ ಶೆಡ್ಡಿನ ಹೆಣಗಳ ಲೆಕ್ಕಕ್ಕೆ ಒಂದು ಸೇರಿಸಿ.

ಶಂಭುಲಿಂಗನಿಗೆ ಪಾಠ ನೆನಪಿತ್ತು. ಕರೆಂಟ್ ತೆಗೆದು, ಡಬ್ಬಿಯೊಳಗಿನ ಗುಂಡು ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ, ಹತ್ತು ನಿಮಿಷ ಕಾದು ಮತ್ತೆ ಕೂರಿಸಿದ. ಕಂಪ್ಯೂಟರು ಹಿಂದಿನದೆಲ್ಲ ಮರೆತು ಹೊಸ ಕೂಸಿನಂತೆ ಎದ್ದಿತು. ಈ ಸಲ ಅವನು ಯಾರ ಮಾತೂ ಕೇಳದೆ ಎರಡೇ ಮೆಟ್ಟಿಲು ಇಳಿಸಿದ. ಮೂರನ್ನೂ ತಡೆದುಕೊಂಡಿತ್ತು, ಒಂದು ಮೆಟ್ಟಿಲು ಧೈರ್ಯಕ್ಕೆ ಇರಲಿ ಎಂದು ಬಿಟ್ಟ. ಮೇಷ್ಟ್ರು ಹೇಳಿದ್ದೂ ಅದನ್ನೇ. ಜಂಬಪ್ಪನ ಲಾರಿ ತೂಗಿ ಚೀಟಿ ಕೊಟ್ಟು ಕಳಿಸಿದ.

ಕಾಲು ಗಂಟೆಯಲ್ಲಿ ಜಂಬಪ್ಪ ನಡೆದುಕೊಂಡು ವಾಪಸು ಬಂದ.

"ಗೇಟಿನ್ಯಾಗ ಹೊಳ್ಳಿ ಕಳಿಸಿದ್ರು. ಇದರಾಗ ತಾರೀಕು ನೋಡು. ಎರಡು ಸಾವಿರದ ಎರಡು, ಜನವರಿ ಒಂದು. ಈ ಚೀಟಿ ಪ್ರಕಾರ ನನ್ನ ಲಾರಿ ಇನ್ನೂ ಫ್ಯಾಕ್ಟರಿಯಾಗೈತಿ. ನನ್ನ ಮದುವೀನೂ ಆಗಿಲ್ಲ. ಮದುವಿದು ಹಂಗ ಇರ್ಲಿ, ಲಾರಿದಷ್ಟು ಸರಿ ಮಾಡಿಕೊಡು."

ಬ್ಯಾಟರಿ ತೆಗೆದಾಗ ಗಡಿಯಾರವೂ ಮರೆತುಹೋಗಿತ್ತು. ತಾರೀಕು ತಿದ್ದಿ, ಹೊಸ ಚೀಟಿ ಕೊಟ್ಟು, ಇನ್ನೇನು ಎಲ್ಲ ಸರಿಯಾಯಿತು ಎಂದು ಶಂಭುಲಿಂಗ ಬೇಲಿಯ ಆಚೆ ಹೋಗಿ ಬಂದ. ಬರುವಷ್ಟರಲ್ಲಿ ಕಂಪ್ಯೂಟರು ಹೊಸದಾಗಿ ಶುರುವಾಗುತ್ತಿತ್ತು. ಕರೆಂಟ್ ಹೋಗಿ ಬಂದಿರಬೇಕು ಎಂದುಕೊಂಡ. ಹನ್ನೊಂದೂ ಕಾಲಿಗೆ, ನಿತ್ಯಕ್ಕಿಂತ ಮುಕ್ಕಾಲು ಗಂಟೆ ಮೊದಲೇ, ಕಂಪ್ಯೂಟರು ಟಪ್ ಎಂದು ಸತ್ತಿತು. ಮುಟ್ಟಿ ನೋಡಿದರೆ ಕೈ ಸುಟ್ಟಿತು.

"ಯಾರು ಕೈ ಹಾಕಿದ್ರಿ ಇದಕ್ಕ?"

ಗಾದಿಲಿಂಗ ನೆಲ ನೋಡಿದ.

"ಮುಂಜಾನಿಂದ ನೀ ಒತ್ತೋದು ನೋಡಿದ್ನಲ್ಲ. ಮ್ಯಾಲಿನ ಗುಂಡಿ ಒತ್ತಿದ್ರ ಏರ್ತೈತಿ. ಉಪವಾಸ ಕೆಡವಿದ್ದೀ ಅದನ್ನ, ನೋಡಾಕ ಆಗ್ಲಿಲ್ಲ. ಐದಾರು ಹೋಳಿಗಿ ಹೆಚ್ಚಿಗಿ ಹಾಕಿದೆ."

ಶಂಭುಲಿಂಗ ಅಳುವುದೊಂದು ಬಾಕಿ. ಟೇಬಲ್ ಫ್ಯಾನನ್ನು ಡಬ್ಬಿಯ ಬಾಯಿಗೇ ಒತ್ತಿ ಹಿಡಿದು, ಅದು ತಣ್ಣಗಾದ ಮೇಲೆ ಮತ್ತೆ ನೀಲಿ ಪರದೆಗೆ ಇಳಿದು, ವೋಲ್ಟೇಜನ್ನು ತನ್ನ ಲೆಕ್ಕಕ್ಕೆ ತಂದು, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇನ್ನು ಉಚ್ಚೆ ಬಂದರೂ ಏಳುವುದಿಲ್ಲ ಎಂದು ತೀರ್ಮಾನಿಸಿದ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಗುಡ್ಡಪ್ಪ ಬಂದ. ಬಸ್ಸಿಳಿದು ರಸ್ತೆ ದಾಟುವಷ್ಟರಲ್ಲಿ ಅವನ ಬಿಳಿ ಧೋತರ ಸೊಂಟದ ತನಕ ಕುಂಕುಮದ ಬಣ್ಣವಾಗಿತ್ತು.

"ಬರ್ರಿ, ಕುಂದ್ರಿ," ಎಂದು ಶಂಭುಲಿಂಗ ಕೂತಲ್ಲಿಂದಲೇ ಕೈಮುಗಿದ.

"ನೀ ಏಳಬ್ಯಾಡ. ಕೆಲಸ ಮಾಡು. ನಾ ನೋಡಾಕ ಬಂದೀನಿ," ಎಂದು ಗುಡ್ಡಪ್ಪ ಸಿನಿಮಾಕ್ಕೆ ಬಂದವನಂತೆ ಕುರ್ಚಿ ಎಳೆದುಕೊಂಡು ಕೂತ.

ಗಡಿಯಾರದ ಎರಡು ಮುಳ್ಳು ಒಂದಾದವು. ಹನುಮಣ್ಣ ಅಭ್ಯಾಸದಂತೆ ಕನ್ನಡಕ ಏರಿಸಿ, ಚೀಟಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದ. ಕಂಪ್ಯೂಟರು ಚೀಟಿ ಒದರಿತು. ಹನ್ನೆರಡೂ ಹತ್ತು. ಇನ್ನೊಂದು ಚೀಟಿ. ಹನುಮಣ್ಣ ಎದ್ದು, "ಧೂಳು ಬರ್ತೈತಿ," ಎಂದು ಕಿಟಕಿ ಮುಚ್ಚಿದ. ಸ್ವಲ್ಪ ಹೊತ್ತಿಗೆ, "ಕರೆಂಟ್ ಸುಮ್ನ ಹಾಳು," ಎಂದು ಟೇಬಲ್ ಫ್ಯಾನ್ ಆರಿಸಿದ. ಹನ್ನೆರಡೂವರೆಗೆ ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ಡಬ್ಬಿಗೆ ಬೆಚ್ಚಗೆ ಹೊದಿಸಿದ. ಶಂಭುಲಿಂಗ ಕಿಟಕಿ ತೆರೆದ, ಫ್ಯಾನ್ ಹಚ್ಚಿದ, ಟವೆಲ್ಲು ಕಿತ್ತು ಮುದುಕನ ಹೆಗಲಿಗೇ ಹಾಕಿದ. ಹನುಮಣ್ಣ ಅವನನ್ನು ನೋಡಿ ಹುಬ್ಬು ಕುಣಿಸಿದ, ಕಣ್ಣು ಹೊಡೆದ, ಗುಡ್ಡಪ್ಪನ ಬೆನ್ನ ಹಿಂದೆ ನಿಂತು ಎರಡೂ ಕೈಯಲ್ಲಿ ಏನೋ ಕತ್ತು ಹಿಸುಕುವಂಥ ಸನ್ನೆ ಮಾಡಿದ. ವಯಸ್ಸಾಯಿತು, ಬಿಸಿಲಿಗೆ ತಲೆ ಕೆಟ್ಟಿದೆ, ಎಂದುಕೊಂಡ ಶಂಭುಲಿಂಗ.

ಪರದೆಯ ಮೇಲೆ ಎರಡು ಅಂಕಿ ಇದ್ದವು. ಮೂಲೆಯಲ್ಲಿ ಚಿಕ್ಕದಾಗಿ ಪ್ರೊಸೆಸರಿನ ಉಷ್ಣ, ನಡುವೆ ದೊಡ್ಡದಾಗಿ ಲಾರಿಯ ತೂಕ. ಶಂಭುಲಿಂಗನ ಎರಡು ಕಣ್ಣೂ ಚಿಕ್ಕದರ ಮೇಲೇ ನೆಟ್ಟಿದ್ದವು. ಎಪ್ಪತ್ತೊಂದು. ಎಪ್ಪತ್ತಮೂರು. ಎಪ್ಪತ್ತೆರಡು. ಅದರಾಚೆ ಏರಲೇ ಇಲ್ಲ. ಹೊರಗೆ ಲಾರಿಗಳು ಬಸುರಿ ಎಮ್ಮೆಗಳಂತೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬರುತ್ತಿದ್ದವು, ನಿಲ್ಲುತ್ತಿದ್ದವು, ಚೀಟಿ ತಗೊಂಡು ಹೋಗುತ್ತಿದ್ದವು. ಡ್ರೈವರುಗಳಿಗೆ ಚೀಟಿ ಓದಿ ರೂಢಿಯಿಲ್ಲ. ಜೇಬಿಗಿಟ್ಟು ಗೇರು ಹಾಕುವುದೊಂದೇ ಗೊತ್ತು.

ಪ್ರಿಂಟರಿನ ಸದ್ದು ಗುಡ್ಡಪ್ಪನಿಗೆ ಭಾಳ ಹಿಡಿಸಿತು.

"ಇಷ್ಟು ಕಿರಚ್ತೈತಲ್ಲ, ನಿನ್ನ ಮಾತು ಕೇಳ್ತೈತೇನು?"

"ಕೇಳ್ತೈತ್ರಿ."

"ಶಿಲ್ಪಶ್ರೀನೂ ಒಮ್ಮೊಮ್ಮೆ ಹಿಂಗ ಕಿರಚ್ತಾಳ. ಅಭ್ಯಾಸ ಐತಿ ಅನ್ನು ನಿನಗ."

ಮೂರಕ್ಕೆ, ಹನ್ನೆರಡರಿಂದ ಈಚೆಗಿನ ಅರವತ್ತನೆಯ ಲಾರಿ ಹೋಯಿತು. ಗುಡ್ಡಪ್ಪ ಎದ್ದು ಶಂಭುಲಿಂಗನ ಹೆಗಲು ತಟ್ಟಿ, "ಆಷಾಢಕ್ಕ ಮದ್ಲು ಒಂದು ದಿನ ನೋಡಾಕ ಹೇಳ್ತೀನಿ," ಎಂದು ಬೇವಿನ ಮರದ ಕೆಳಗೆ ಬಸ್ಸು ಕಾಯಲು ಹೋದ. ಶಂಭುಲಿಂಗನಿಗೆ ಕಂಪ್ಯೂಟರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಈಗ ಅದು ತಬ್ಬಿಕೊಳ್ಳುವಷ್ಟು ತಣ್ಣಗೂ ಇತ್ತು.

ಅಷ್ಟರಲ್ಲಿ ತೋಟಪ್ಪನ ಜೀಪು ಬಂತು. ಮದುವೆ ಊಟದ ಎಲೆಅಡಿಕೆ ಬಾಯಲ್ಲಿತ್ತು.

"ಇವತ್ತ ಎಷ್ಟಕ್ಕ ನಿಂತಿತ್ತಲೇ?"

"ನಿಲ್ಲಲೇ ಇಲ್ರಿ," ಎಂದ ಶಂಭುಲಿಂಗ ಎದೆಯುಬ್ಬಿಸಿ. "ಒಂದು ನಿಮಿಷ ನಿಲ್ಲಲಿಲ್ಲ. ಅರವತ್ತು ಲಾರಿ, ಎಲ್ಲಾ ಪ್ರಿಂಟ್ ಚೀಟಿ."

ತೋಟಪ್ಪ ಎಲೆಅಡಿಕೆ ನುಂಗಿಬಿಟ್ಟ. ಚೀಟಿಗಳ ನಕಲು ಕಟ್ಟನ್ನು ಎತ್ತಿಕೊಂಡು ಒಂದೊಂದೇ ತಿರುವಿದ. ಇಪ್ಪತ್ತೇಳು ಟನ್. ಇಪ್ಪತ್ತೆಂಟೂವರೆ. ಇಪ್ಪತ್ತೊಂಬತ್ತು. ಬಾಗಿಲು ಹಾಕಿ ಬಂದು ಮೆಲ್ಲಗೆ ಕೇಳಿದ.

"ಹನುಮಣ್ಣ ಈ ಹೊತ್ತಿನ್ಯಾಗ ದಿನಾ ಎಷ್ಟು ಬರೀತಿದ್ದ, ಗೊತ್ತೇನು?"

"ಎಷ್ಟ್ರಿ?"

"ಹದಿನಾರು. ಪರ್ಮಿಟ್ಟಿನ್ಯಾಗ ಇರೋದ ಹದಿನಾರು. ಮುಂಜಾನಿ ಲಾರಿ ಹದಿನಾರ ತರ್ತಾವ, ಕಂಪ್ಯೂಟರ್ ಹದಿನಾರ ಅಂತೈತಿ. ಹೊಟ್ಟಿ ತುಂಬಿದ ಲಾರಿಯೆಲ್ಲಾ ಹನ್ನೆರಡರ ಮ್ಯಾಲೆ ಯಾಕ ಬರ್ತಾವ ಅಂತ ಮೂರು ವಾರದಾಗ ಒಮ್ಮೆನೂ ನಿನ್ನ ತಲಿಗೆ ಹೊಳೀಲಿಲ್ಲೇನು?"

"ಮತ್ತ ದಿನಾ ನಿಂತಿತು ಅಂತ ಬೈತಿದ್ರಲ್ರಿ."

"ನಿಂತೈತಿ ಅಂತ ನಾಕು ಮಂದಿಗೆ ಗೊತ್ತಾಗಬ್ಯಾಡೇನಲೇ? ಕೈಚೀಟಿ ಯಾಕಂತ ಯಾರಾರ ಕೇಳಿದ್ರ ಏನು ಹೇಳ್ಲಿ ನಾನು?"

"ಕೈಸನ್ನಿ ಮಾಡಿ ಮಾಡಿ ನನ್ನ ರಟ್ಟಿ ಬಿದ್ದು ಹೋದ್ವು," ಎಂದ ಹನುಮಣ್ಣ ಮೂಲೆಯಿಂದ. "ಬೀಗರ ಮುಂದ ಬಾಯಿ ಬಿಟ್ಟು ಹೇಳೋ ಮಾತೇನಿದು?"

ಶಂಭುಲಿಂಗ ಬಾಯಿ ತೆರೆಯುವ ಮೊದಲೇ ಹೊರಗೆ ಇನ್ನೊಂದು ಜೀಪು ನಿಂತಿತು. ಗಣಿ ಇಲಾಖೆಯ ತಪಾಸಣೆಯ ಸಾಹೇಬರು ಇಳಿದರು. ಕೈಯಲ್ಲಿ ಚೀಟಿಗಳ ಕಟ್ಟು. ಮುಂದಿನ ಗೇಟಿನಲ್ಲಿ ಅರವತ್ತು ಲಾರಿಗಳನ್ನು ನಿಲ್ಲಿಸಿ ಬಂದಿದ್ದರು. ತಮ್ಮ ತಪ್ಪನ್ನು ತಾವೇ ಜೇಬಿನಲ್ಲಿಟ್ಟುಕೊಂಡು ಬಂದ ಲಾರಿಗಳನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ತೋಟಪ್ಪ ಶಂಭುಲಿಂಗನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. ದನಿ ಬೇವಿನ ಮರದಾಚೆಗೂ ಕೇಳುವಂತಿತ್ತು.

"ಇವನ ನೋಡ್ರಿ ಸಾಹೇಬ್ರ. ನಾ ಇಲ್ಲದಾಗ, ಯಾರನ್ನೂ ಕೇಳದ, ಕಂಪ್ಯೂಟರಿನ ವೋಲ್ಟೇಜ್ ಇಳಿಸಿ ಕುಂತಾನ. ಅದಕ್ಕ ಬುದ್ಧಿಭ್ರಮಣಿ ಆಗೇತಿ. ಹದಿನಾರು ಇದ್ದದ್ದು ಇಪ್ಪತ್ತೇಳು ಅಂತ ಬಡಬಡಿಸೇತಿ."

"ವೋಲ್ಟೇಜ್ ಇಳಿಸಿದ್ರಾ?" ಸಾಹೇಬರ ಹುಬ್ಬು ಏರಿತು.

ಗಾದಿಲಿಂಗ ಶೆಡ್ಡಿನಿಂದ ಓಡಿಬಂದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮನಸಾರೆ ಹೇಳಿದ.

"ಮುಂಜಾನಿಂದ ಬಾಯಿ ಬಡಕೊಂಡೀನ್ರಿ, ಇಳಸಬ್ಯಾಡ ಇಳಸಬ್ಯಾಡ ಅಂತ. ಕೇಳ್ಲಿಲ್ಲ. ನಾ ಏರಿಸಿದ್ರ ಹೊಳ್ಳಿ ಇಳಿಸಿದ."

ಸಾಹೇಬರು ನಿಟ್ಟುಸಿರಿಟ್ಟರು. ಅವರದೂ ಒಂದು ದಾಳಿಂಬೆ ತೋಟವಿತ್ತು.

"ಹೋದ ತಿಂಗಳು ನಮ್ಮವೂ ಎರಡು ಮೋಟಾರ್ ಹಾಗೇ ಹೋದವು. ಹತ್ತು ಎಚ್‌ಪಿ ಮೋಟಾರೇ ತಡಕೊಳ್ಳಲ್ಲ, ಇದೊಂದು ಡಬ್ಬಿ." ಶಂಭುಲಿಂಗನ ಕಡೆ ತಿರುಗಿ, "ಇಳಿಸಿದ್ದು ನಿಜಾನಾ?" ಎಂದರು.

"ನಿಜಾರಿ, ಆದ್ರ ಅದಕ್ಕೂ ತೂಕಕ್ಕೂ…"

"ಹೌದೋ ಅಲ್ಲವೋ, ಅಷ್ಟು ಹೇಳಪ್ಪ."

ಕೆಲಸ ಹೋದರೆ ಹುಡುಗಿಯೂ ಹೋಗುತ್ತಾಳೆ ಎಂಬುದು ಶಂಭುಲಿಂಗನ ಲೆಕ್ಕ. "ಹೌದ್ರಿ," ಎಂದ.

ಹನುಮಣ್ಣ ಆಗಲೇ ಮುತ್ತಿನಂಥ ಅಕ್ಷರದಲ್ಲಿ ಹೇಳಿಕೆ ಬರೆದು ಮುಗಿಸಿದ್ದ. ಶಂಭುಲಿಂಗನೆಂಬ ನಾನು ಮಾಲೀಕರ ಅಪ್ಪಣೆಯಿಲ್ಲದೆ ವೋಲ್ಟೇಜ್ ಇಳಿಸಿದ್ದರಿಂದ ಯಂತ್ರವು ಸ್ಥಿಮಿತ ಕಳೆದುಕೊಂಡು ತಪ್ಪು ತೂಕ ತೋರಿಸಿರುತ್ತದೆ, ಎಂದು. ಶಂಭುಲಿಂಗ ಸಹಿ ಹಾಕಿದ. ಅರವತ್ತು ಕೈಚೀಟಿ, ಎಲ್ಲವೂ ಹದಿನಾರು, ಅರ್ಧ ತಾಸಿನಲ್ಲಿ ತಯಾರಾದವು. ಸಾಹೇಬರು ಹುಡುಗನಿಗೆ ಬುದ್ಧಿ ಹೇಳಿ ಹೊರಟರು.

ಧೂಳು ಇಳಿದ ಮೇಲೆ ತೋಟಪ್ಪ ತಣ್ಣಗೆ ಹೇಳಿದ.

"ಕೆಲಸಕ್ಕೇನೂ ತೊಂದ್ರಿ ಇಲ್ಲ ನಿನಗ. ನಾಳಿಂದ ಮದ್ಲಿನಂಗ ಹನ್ನೆರಡಕ್ಕ ನಿಲ್ಲಬೇಕು, ಅಷ್ಟ."

"ಅದು ಇನ್ನ ತಾನಾಗೇ ನಿಲ್ಲಂಗಿಲ್ರಿ."

"ಏರಿಸು ಮತ್ತ. ಕಲ್ತೀಯಲ್ಲ."

ಶಂಭುಲಿಂಗ ರಸ್ತೆಗೆ ಓಡಿದ. ಮರಿಯಮ್ಮನಹಳ್ಳಿ ಬಸ್ಸು ಬಂದು ನಿಂತಿತ್ತು. ಗುಡ್ಡಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ.

"ಮಾವಾರ, ನೀವು ಕೇಳಿದ್ದೆಲ್ಲಾ ಬ್ಯಾರೆನ ಐತ್ರಿ. ತೂಕ ತಪ್ಪಿಲ್ಲ. ಕೆಲಸನೂ ಹೋಗಿಲ್ಲ."

"ತೂಕದ ಮಾತು ನನಗ್ಯಾಕಪ್ಪ, ಅದು ನಿಮ್ಮ ನಿಮ್ಮದು. ಒಂದ ಹೇಳು. ವೋಲ್ಟೇಜ್ ಇಳಿಸಿದ್ದು ಖರೇನೋ?"

"ಖರೇರಿ. ಆದ್ರ ಕಂಪ್ಯೂಟರಿಗೆ ಅದು ಒಳ್ಳೇದ್ರಿ. ಮೋಟಾರಿನಂಗಲ್ಲ."

ಗುಡ್ಡಪ್ಪ ಅವನನ್ನು ಕರುಣೆಯಿಂದ ನೋಡಿದ. ಕಂಡಕ್ಟರು ಸೀಟಿ ಊದಿದ.

"ಹುಡುಗ ಕೆಟ್ಟವನಲ್ಲ ನೀನು. ಆದ್ರ ನಮ್ಮ ಮನಿಯಾಗ ಮೂರು ಬೋರ್ ಅದಾವ, ಸ್ಟಾರ್ಟರ್ ಡಬ್ಬಿ ಪಡಸಾಲ್ಯಾಗೇ ಐತಿ. ಅಳಿಯ ಅಂದಮ್ಯಾಲೆ ಹಬ್ಬಕ್ಕೊಮ್ಮೆ ಬಂದು ನಾಕು ದಿನ ಇರ್ತೀ. ಹಗಲೂ ರಾತ್ರಿ ನಿನ್ನ ಕಾಯ್ಕೊಂತ ಯಾರು ಕುಂದ್ರಬೇಕಪ್ಪ?"